ಟೆಕ್ಸಸ್ಸಿನ ಕನ್ನಡ ಕುಟುಂಬಗಳಿಗೆ, ಋತುವನ್ನರಿತು ವನದರ್ಶನಕ್ಕೆ ಹೊರಡುವ ವಿಷಯವಾಗಿ

ಜಾರ್ಜ್‌ಟೌನ್, ಆಸ್ಟಿನ್, ಡಲ್ಲಾಸ್ ಮತ್ತು ಹ್ಯೂಸ್ಟನ್ ನಗರಗಳಲ್ಲಿ ನೆಲೆಸಿರುವ ಮಾನ್ಯ ಕನ್ನಡ ಬಂಧುಗಳೇ,

ಬೇಸಿಗೆಯ ರಜೆ ಸಮೀಪಿಸುತ್ತಿದ್ದಂತೆಯೇ ನಮ್ಮ ಮನೆಗಳಲ್ಲಿ ಪ್ರಯಾಣದ ಮಾತು ತೊಡಗುವುದು ವಾಡಿಕೆ. ಊರಿಗೆ ಹೋಗುವವರು ಕಬಿನಿಯ ಹಿನ್ನೀರಿಗೆ ಇಳಿಯುವ ಆನೆಗಳ ಹಿಂಡನ್ನೂ ಬಂಡೀಪುರದ ಹುಲಿಯನ್ನೂ ಮಕ್ಕಳ ಕಣ್ಣಿಗೆ ತೋರಿಸಬೇಕೆಂಬ ಹಂಬಲದಿಂದ ತಿಂಗಳುಗಳ ಮುಂಚೆಯೇ ಸಫಾರಿಯ ಆಸನಗಳನ್ನು ಕಾದಿರಿಸುತ್ತಾರೆ. ಆ ವರ್ಷ ಊರಿಗೆ ಹೋಗಲಾಗದವರು ಯೆಲ್ಲೋಸ್ಟೋನಿನ ಕಡೆಗೋ, ಅನುಕೂಲವುಳ್ಳವರು ಕೀನ್ಯದ ಮಸಾಯ್ ಮಾರದ ಕಡೆಗೋ ಮನಸ್ಸು ಹರಿಸುತ್ತಾರೆ. ಈ ಹಂಬಲವು ಎಲ್ಲ ವಿಧದಲ್ಲಿಯೂ ಶ್ಲಾಘನೀಯವಾದುದು. ಪಂಜರದಲ್ಲಿರದ ಪ್ರಾಣಿಯೊಂದನ್ನು ಅದರ ಸ್ವಸ್ಥಾನದಲ್ಲಿ ಕಂಡ ಮಗುವಿನಲ್ಲಿ ಹುಟ್ಟುವ ವಿಸ್ಮಯವು ಯಾವ ಪಾಠಪುಸ್ತಕದಿಂದಲೂ ದೊರೆಯತಕ್ಕದ್ದಲ್ಲ. ಆದರೆ ಇದೇ ಸಂಭಾಷಣೆಗಳ ನಡುವೆ ಮತ್ತೆ ಮತ್ತೆ ಕೇಳಿಬರುವ ಇನ್ನೊಂದು ಮಾತು, ‘ಈ ಟೆಕ್ಸಸ್ಸಿನಲ್ಲಿ ನೋಡುವಂಥದ್ದೇನಿದೆ? ಬಿಸಿಲು, ಹೆದ್ದಾರಿ, ತಂತಿಯ ಬೇಲಿ’ ಎಂಬ ಮಾತು, ನನ್ನನ್ನು ಬಹುಕಾಲದಿಂದ ನೋಯಿಸುತ್ತ ಬಂದಿದೆ. ನಾವು ಅನ್ನ ಉಣ್ಣುತ್ತಿರುವ, ನಮ್ಮ ಮಕ್ಕಳು ತಮ್ಮದೆಂದು ತಿಳಿದು ಬೆಳೆಯುತ್ತಿರುವ ಈ ನೆಲವನ್ನು ಕುರಿತು ಇಷ್ಟು ಅಲ್ಪವಾದ ಪರಿಚಯದಿಂದ ತೃಪ್ತರಾಗಿರುವುದು ನಮ್ಮಂಥವರಿಗೆ ಒಪ್ಪುವುದಿಲ್ಲವೆಂದು ನಂಬಿ ಈ ಪತ್ರವನ್ನು ಬರೆಯುತ್ತಿದ್ದೇನೆ.

ಆ ಮಾತಿಗೆ ಆಧಾರವೇ ಇಲ್ಲವೆಂದಲ್ಲ. ಈ ರಾಜ್ಯದ ಭೂಮಿಯಲ್ಲಿ ನೂರಕ್ಕೆ ಸುಮಾರು 95 ಭಾಗ ಖಾಸಗಿಯವರ ಒಡೆತನದಲ್ಲಿರುವುದರಿಂದ, ಕರ್ನಾಟಕದಲ್ಲಿರುವಂತೆ ಊರಾಚೆ ಹೋದೊಡನೆ ಸರ್ಕಾರದ ಕಾಡು, ಕಾಡಿನ ಬಾಗಿಲಿನಲ್ಲಿ ಅರಣ್ಯ ಇಲಾಖೆಯ ಜೀಪು ಎಂಬ ಏರ್ಪಾಡು ಇಲ್ಲಿಲ್ಲ. ಗಂಟೆಗಟ್ಟಲೆ ವಾಹನ ನಡೆಸಿದರೂ ರಸ್ತೆಯ ಇಬ್ಬದಿಯಲ್ಲಿ ಬೇಲಿಯೇ ಕಾಣುತ್ತದೆ. ಇದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ನಾಗರಹೊಳೆಯ ಆನೆ, ಭದ್ರೆಯ ಕಾಡಿನ ಕಾಟಿ, ದರೋಜಿಯ ಗುಡ್ಡಗಳ ಕರಡಿ, ಇವೆಲ್ಲ ವರ್ಷದ ಹನ್ನೆರಡು ತಿಂಗಳೂ ತಮ್ಮ ನೆಲೆಯಲ್ಲಿಯೇ ಇರುವ ಪ್ರಾಣಿಗಳಾದುದರಿಂದ, ವನ್ಯಜೀವಿ ಎಂದೊಡನೆ ‘ಎಲ್ಲಿ?’ ಎಂಬ ಪ್ರಶ್ನೆಯನ್ನು ಕೇಳುವ ಅಭ್ಯಾಸ ನಮಗೆ ಊರಿನಿಂದಲೇ ಬಂದಿದೆ. ಟೆಕ್ಸಸ್ಸಿನ ಜೀವಸಂಪತ್ತಿನ ಬಹುಪಾಲು ಬಂದು ಹೋಗುವಂಥದು. ಉತ್ತರ ಧ್ರುವಕ್ಕೆ ಸಮೀಪವಾದ ಜವುಗುಗಳಿಗೂ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಅರಣ್ಯಗಳಿಗೂ ನಡುವೆ ಹಬ್ಬಿದ ಆಕಾಶಮಾರ್ಗವು ಈ ರಾಜ್ಯದ ನೆತ್ತಿಯ ಮೇಲೆಯೇ ಹಾಯ್ದುಹೋಗುತ್ತದೆ. ಕ್ರೌಂಚಗಳು, ಹೆಬ್ಬಾತುಗಳು, ಬಾವಲಿಗಳು, ಚಿಟ್ಟೆಗಳು, ಬೆರಳಿನಷ್ಟು ಗಾತ್ರದ ಹಾಡುಹಕ್ಕಿಗಳು ತಮ್ಮ ತಮ್ಮ ಪಂಚಾಂಗಕ್ಕೆ ಅನುಸಾರವಾಗಿ ಇಲ್ಲಿಗೆ ಬರುತ್ತವೆ, ಹೋಗುತ್ತವೆ. ಆದುದರಿಂದ ಇಲ್ಲಿ ಮೊದಲು ಕೇಳತಕ್ಕ ಪ್ರಶ್ನೆ ‘ಯಾವಾಗ?’ ಎಂಬುದು. ಜುಲೈ ತಿಂಗಳ ನಡುಹಗಲಿನಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ ಏನನ್ನೂ ಕಾಣದೆ ಹಿಂತಿರುಗಿ ಬಂದವರು ನೆಲವನ್ನು ದೂರುವುದುಂಟು. ಅಲ್ಲಿ ಅವರಿಗೆ ತಪ್ಪಿದ್ದು ಋತು.

ಜಾರ್ಜ್‌ಟೌನಿನ ವಿಷಯವನ್ನು ಮೊದಲು ಹೇಳುತ್ತೇನೆ, ಏಕೆಂದರೆ ನಮ್ಮ ಊರು ಎರಡು ಭೂಭಾಗಗಳ ಸಂಧಿಯಲ್ಲಿ ನಿಂತಿದೆ. ಡಲ್ಲಾಸಿನಿಂದ ಸ್ಯಾನ್ ಆಂಟೋನಿಯೊವರೆಗೆ ಇಳಿದುಬರುವ 35ನೆಯ ಹೆದ್ದಾರಿಯು ನಮ್ಮ ಭಾಗದಲ್ಲಿ ಬ್ಯಾಲ್ಕೋನಿಸ್ ಎಂಬ ಪ್ರಾಚೀನ ಭೂಭಂಗದ ಅಂಚನ್ನೇ ಹಿಡಿದು ಸಾಗುತ್ತದೆ. ಅದರ ಪಶ್ಚಿಮಕ್ಕೆ ಸುಣ್ಣಕಲ್ಲಿನ ಗುಡ್ಡಗಾಡು, ಓಕ್ ಮತ್ತು ಜೂನಿಪರ್ ಮರಗಳು, ಕಲ್ಲಿನ ಸಂದುಗಳಿಂದ ಉಕ್ಕುವ ಬುಗ್ಗೆಗಳು. ಪೂರ್ವಕ್ಕೆ ಟೇಲರ್ ಪಟ್ಟಣದ ಕಡೆಗೆ ಹೊರಟರೆ ಧಾರವಾಡ, ಗದಗಗಳಿಂದ ಬಂದವರು ಕಣ್ಣಾರೆ ಗುರುತಿಸಬಹುದಾದ ಎರೆನೆಲ, ಬೇಸಿಗೆಯಲ್ಲಿ ಬಿರುಕು ಬಿಡುವ ಅದೇ ಕಪ್ಪು ಮಣ್ಣು, ಒಂದು ಕಾಲಕ್ಕೆ ಅದೇ ಹತ್ತಿಯ ಬೆಳೆ. ನೇಗಿಲು ಬೀಳುವುದಕ್ಕೆ ಮುಂಚೆ ಈ ಎರೆನೆಲವೆಲ್ಲ ಆಳೆತ್ತರದ ಹುಲ್ಲಿನ ಮಹಾಪ್ರಾಂತವಾಗಿತ್ತು. ಈಗ ಅದರಲ್ಲಿ ಉಳಿದಿರುವುದು ನೂರಕ್ಕೆ ಒಂದು ಭಾಗಕ್ಕಿಂತಲೂ ಕಡಿಮೆ. ಡಲ್ಲಾಸಿನವರು ತಮ್ಮ ನಗರದ ಈಶಾನ್ಯಕ್ಕೆ ಗ್ರೀನ್‌ವಿಲ್ ಊರಿನ ಬಳಿಯಿರುವ ಕ್ಲೈಮರ್ ಮೆಡೋ ಎಂಬ ಹುಲ್ಲುಗಾವಲಿನ ತುಣುಕನ್ನು ಕುರಿತು ವಿಚಾರಿಸಿ ತಿಳಿದುಕೊಂಡರೆ, ಈ ದೇಶದ ಎರೆನೆಲವು ಉಳುಮೆಗೆ ಮುಂಚೆ ಹೇಗಿದ್ದಿತೆಂಬುದರ ಕಲ್ಪನೆ ಬರುತ್ತದೆ.

ನೆಲದಡಿಯ ಕಥೆಯೂ ಇಷ್ಟೇ ಸ್ವಾರಸ್ಯವುಳ್ಳದ್ದು. 1963ರಲ್ಲಿ ಇದೇ ಹೆದ್ದಾರಿಗೆ ಮೇಲ್ಸೇತುವೆ ಕಟ್ಟುವ ಸಲುವಾಗಿ ರಾಜ್ಯದ ಹೆದ್ದಾರಿ ಇಲಾಖೆಯವರು ಜಾರ್ಜ್‌ಟೌನಿನಲ್ಲಿ ನೆಲವನ್ನು ಕೊರೆದು ಪರೀಕ್ಷಿಸುತ್ತಿದ್ದಾಗ ಬೈರಿಗೆಯು ಇದ್ದಕ್ಕಿದ್ದಂತೆ ಶೂನ್ಯಕ್ಕೆ ಇಳಿಯಿತು. ಹೀಗೆ ಬೆಳಕಿಗೆ ಬಂದ ಇನ್ನರ್ ಸ್ಪೇಸ್ ಕ್ಯಾವರ್ನ್ ಎಂಬ ಗುಹಾಸಮೂಹವು 1966ರಿಂದ ಸಾರ್ವಜನಿಕರಿಗೆ ತೆರೆದಿದೆ. ಅದರೊಳಗೆ ದೊರೆತ ಎಲುಬುಗಳಲ್ಲಿ ಹಿಮಯುಗದ ಮಹಾಗಜವಾದ ಮ್ಯಾಮತ್‌ನ ಎಲುಬುಗಳೂ ಸೇರಿವೆ. ಡಲ್ಲಾಸಿಗೆ ಹೋಗುವ ದಾರಿಯಲ್ಲಿ ವೇಕೊ ನಗರದ ಬಳಿ ಇದೇ ಗಜಜಾತಿಯ ಅಸ್ಥಿಗಳು ಮಣ್ಣಿನಲ್ಲಿ ಇದ್ದ ಹಾಗೆಯೇ ಕಾಣುವಂತೆ ಕಾಪಾಡಲ್ಪಟ್ಟಿದ್ದು, 2015ರಲ್ಲಿ ಆ ತಾಣಕ್ಕೆ ರಾಷ್ಟ್ರೀಯ ಸ್ಮಾರಕದ ಪದವಿ ದೊರೆತಿದೆ. ಕಬಿನಿಯ ಆನೆಗಳನ್ನು ನೋಡಿಬಂದ ಮಗುವನ್ನು ಈ ಎಲುಬುಗಳ ಎದುರಿಗೆ ನಿಲ್ಲಿಸಬೇಕು; ಆನೆಯ ವಂಶವು ಒಮ್ಮೆ ಈ ಖಂಡದಲ್ಲಿಯೂ ಹಿಂಡುಕಟ್ಟಿ ನಡೆದಿತ್ತೆಂದು ಆ ಮಗುವಿಗೆ ಬೇರೆ ಯಾವ ಬಗೆಯಲ್ಲಿ ತಿಳಿಸಿದರೂ ಅಷ್ಟು ಚೆನ್ನಾಗಿ ಮನವರಿಕೆಯಾಗದು.

ಇನ್ನು ಜೀವಂತವಾದವುಗಳ ಮಾತು. ಪ್ರತಿವರ್ಷ ಡಿಸೆಂಬರ್, ಜನವರಿಗಳಲ್ಲಿ ಮಧ್ಯ ಟೆಕ್ಸಸ್ಸಿನವರೆಲ್ಲರೂ ಶಪಿಸುವ ಒಂದು ಮರವಿದೆ. ಜನರು ಸೀಡರ್ ಎಂದು ಕರೆಯುವ ಆಶ್ ಜೂನಿಪರ್ ಅದು; ಅದರ ಪರಾಗದಿಂದ ಸೀನು, ಕಣ್ಣುರಿ, ತಲೆಭಾರಗಳನ್ನು ಅನುಭವಿಸದ ಕನ್ನಡದ ಮನೆ ನಮ್ಮ ಊರಿನಲ್ಲಿ ಇರಲಾರದು. ಇದೇ ಮರವು ಮುಪ್ಪಾದಾಗ ಅದರ ತೊಗಟೆಯು ಉದ್ದುದ್ದ ಪಟ್ಟಿಗಳಾಗಿ ಸುಲಿದುಬರುತ್ತದೆ. ಆ ಪಟ್ಟಿಗಳನ್ನು ಜೇಡರ ಬಲೆಯ ನೂಲಿನಿಂದ ಬಿಗಿದು ಗೂಡು ಕಟ್ಟುವ ಒಂದು ಪುಟ್ಟ ಪಕ್ಷಿಯುಂಟು. ಗೋಲ್ಡನ್ ಚೀಕ್ಡ್ ವಾರ್ಬ್ಲರ್ ಎಂಬ, ಕೆನ್ನೆಯಲ್ಲಿ ಹೊಂಬಣ್ಣವನ್ನೂ ಕಣ್ಣಿನ ಮೇಲೆ ಕಾಡಿಗೆಯ ಗೆರೆಯನ್ನೂ ಧರಿಸಿದ ಈ ಪಕ್ಷಿಯು ಟೆಕ್ಸಸ್ಸಿನ ಮಧ್ಯಭಾಗವನ್ನು ಬಿಟ್ಟರೆ ಜಗತ್ತಿನ ಇನ್ನಾವ ಸ್ಥಳದಲ್ಲಿಯೂ ಮರಿಮಾಡುವುದಿಲ್ಲ. ಎಳೆಯ ಜೂನಿಪರ್ ಅದಕ್ಕೆ ಸಾಲದು. ಸುಲಿಯುವ ತೊಗಟೆಯುಳ್ಳ ವೃದ್ಧವೃಕ್ಷವೇ ಬೇಕು, ಆಹಾರವಾದ ಹುಳುಗಳಿಗಾಗಿ ಅದರ ನೆರೆಯಲ್ಲಿ ಓಕ್ ಬೇಕು. ಇಂಥ ಕಾಡುಗಳು ಬಡಾವಣೆಗಳಾಗುತ್ತ ಬಂದುದರಿಂದ 1990ರಲ್ಲಿ ಇದನ್ನು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಲಾಯಿತು; 1992ರಲ್ಲಿ ಆಸ್ಟಿನಿನ ವಾಯವ್ಯದ ಗುಡ್ಡಗಳಲ್ಲಿ ಬ್ಯಾಲ್ಕೋನಿಸ್ ಕ್ಯಾನಿಯನ್‌ಲ್ಯಾಂಡ್ಸ್ ಎಂಬ ರಾಷ್ಟ್ರೀಯ ವನ್ಯಧಾಮವನ್ನು ಸ್ಥಾಪಿಸಿದ್ದಕ್ಕೆ ಈ ಹಕ್ಕಿಯ ರಕ್ಷಣೆ ಒಂದು ಮುಖ್ಯ ಕಾರಣ. ಮಾರ್ಚ್ ತಿಂಗಳಲ್ಲಿ, ಎಂದರೆ ನಮ್ಮ ಯುಗಾದಿಯ ಆಸುಪಾಸಿನಲ್ಲಿ, ದಕ್ಷಿಣದ ಅರಣ್ಯಗಳಿಂದ ಬರುವ ಇವು ಬೇಸಿಗೆ ಮುಗಿಯುವುದರೊಳಗೆ ಹೊರಟುಹೋಗುತ್ತವೆ. ಏಪ್ರಿಲ್ ತಿಂಗಳ ಬೆಳಗಿನ ಹೊತ್ತು ಅಲ್ಲಿಗೆ ಹೋಗಿ, ಮಾತನ್ನು ನಿಲ್ಲಿಸಿ, ಝೇಂಕಾರವನ್ನು ಹೋಲುವ ಅದರ ಕಿರುಹಾಡನ್ನು ಕಿವಿಗೊಟ್ಟು ಆಲಿಸಬೇಕು. ಹಾಡು ಬಂದ ಕಡೆಗೆ ಕಣ್ಣು ತಾನಾಗಿ ತಿರುಗುತ್ತದೆ.

ಇದಕ್ಕಿಂತಲೂ ಅಲ್ಪನೆಲೆಯ ಜೀವಿಯೊಂದು ನಮ್ಮ ಊರಿನ ಹೆಸರನ್ನೇ ಹೊತ್ತಿದೆ. ಜಾರ್ಜ್‌ಟೌನ್ ಸ್ಯಾಲಮಾಂಡರ್ ಎಂಬ ಉಭಯಚರವು ಬೆರಳುದ್ದದ್ದು. ಶ್ವಾಸಕೋಶವಿಲ್ಲದೆ, ಕುತ್ತಿಗೆಯ ಪಕ್ಕದ ಕಿವಿರುಗಳಿಂದ ಉಸಿರಾಡುತ್ತ, ಇಡೀ ಆಯುಷ್ಯವನ್ನು ನೀರಿನಲ್ಲಿಯೇ ಕಳೆಯುವಂಥದು. ಅದರ ಸಮಸ್ತ ಪ್ರಪಂಚವೆಂದರೆ ಜಾರ್ಜ್‌ಟೌನಿನ ಸುತ್ತಮುತ್ತ ಸ್ಯಾನ್ ಗೇಬ್ರಿಯಲ್ ನದಿಗೆ ಸೇರುವ ಕೆಲವು ಬುಗ್ಗೆಗಳು ಮತ್ತು ಕೆಲವು ಗುಹೆಗಳ ನೀರು. 2014ರಲ್ಲಿ ಇದನ್ನು ಅಪಾಯಕ್ಕೀಡಾದ ಜೀವಿಯೆಂದು ಕೇಂದ್ರ ಸರ್ಕಾರ ಘೋಷಿಸಿತು. ಇತ್ತ ನಮ್ಮ ಊರು ಇಡೀ ದೇಶದಲ್ಲಿಯೇ ಅತ್ಯಂತ ವೇಗದಿಂದ ಬೆಳೆಯುತ್ತಿರುವ ನಗರಗಳಲ್ಲೊಂದೆಂದು ಜನಗಣತಿಯವರ ಲೆಕ್ಕಗಳಲ್ಲಿ ಮತ್ತೆ ಮತ್ತೆ ಹೆಸರು ಪಡೆದಿದೆ. ಆ ಬೆಳವಣಿಗೆಯಲ್ಲಿ ನಮ್ಮ ಕನ್ನಡದ ಮನೆಗಳೂ ಸೇರಿವೆ. ಮಳೆಯ ನೀರು ಸುಣ್ಣಕಲ್ಲಿನ ಬಿರುಕುಗಳಲ್ಲಿ ಸೋಸದೆ ನೇರವಾಗಿ ಇಳಿದು ಅಂತರ್ಜಲವನ್ನು ಸೇರುವುದರಿಂದ, ನಾವು ಅಂಗಳದ ಹುಲ್ಲಿಗೆ ಸುರಿಯುವ ಗೊಬ್ಬರವೂ ಕೀಟನಾಶಕವೂ ಬೇಗನೆ ಆ ಬುಗ್ಗೆಗಳನ್ನು ಮುಟ್ಟುತ್ತವೆ. ಈ ಜೀವಿಯನ್ನು ಹುಡುಕಿಕೊಂಡು ಹೋಗಿ ಬುಗ್ಗೆಯ ಕಲ್ಲುಗಳನ್ನು ಎಬ್ಬಿಸಿ ನೋಡಬೇಡಿರೆಂದು ಪ್ರಾರ್ಥಿಸುತ್ತೇನೆ. ಲೇಕ್ ಜಾರ್ಜ್‌ಟೌನಿನ ಸುತ್ತಲಿನ ಗುಡ್‌ವಾಟರ್ ಕಾಲುದಾರಿಯಲ್ಲಿ ಒಂದು ಮುಂಜಾನೆ ನಡೆದು, ಈ ನೀರಿನ ನೆರೆಯಲ್ಲಿ ಜಗತ್ತಿನ ಬೇರೆಲ್ಲಿಯೂ ಇಲ್ಲದ ಜೀವವೊಂದು ಬದುಕಿದೆಯೆಂದು ಮಕ್ಕಳಿಗೆ ಹೇಳಿದರೆ ಸಾಕು.

ವಸಂತದ ಹೂವುಗಳ ವಿಷಯವನ್ನು ವಿಸ್ತರಿಸಬೇಕಾದುದಿಲ್ಲ. 1901ರಿಂದ ರಾಜ್ಯಪುಷ್ಪವೆನಿಸಿರುವ ಬ್ಲೂಬಾನೆಟ್ಟಿನ ನಡುವೆ ಮಕ್ಕಳನ್ನು ಕೂರಿಸಿ ಚಿತ್ರ ತೆಗೆಯುವ ಪದ್ಧತಿಯನ್ನು ನಾವೆಲ್ಲರೂ ಕಲಿತಿದ್ದೇವೆ. ಗಿಡಗಳನ್ನು ತುಳಿದರೆ ಬೀಜ ಕಟ್ಟುವುದಿಲ್ಲ, ಬೀಜ ಕಟ್ಟದಿದ್ದರೆ ಮುಂದಿನ ವರ್ಷಗಳಿಗೆ ಹೂವಿಲ್ಲ ಎಂಬಷ್ಟನ್ನು ನೆನಪಿಟ್ಟರಾಯಿತು. ಅದೇ ಏಪ್ರಿಲ್ ತಿಂಗಳಿನಲ್ಲಿ ಹ್ಯೂಸ್ಟನಿನ ಬಂಧುಗಳಿಗೆ ಬೇರೊಂದು ಭಾಗ್ಯವಿದೆ. ಯುಕಟಾನಿನ ತೀರದಿಂದ ಸಂಜೆ ಹೊರಟ ಹಾಡುಹಕ್ಕಿಗಳು ರಾತ್ರಿಯೆಲ್ಲ ಹಾರಿ, ಎಲ್ಲಿಯೂ ಕೂರಲು ಆಸರೆಯಿಲ್ಲದ ಮೆಕ್ಸಿಕೊ ಕೊಲ್ಲಿಯನ್ನು ದಾಟಿ, ಮರುದಿನ ಟೆಕ್ಸಸ್ಸಿನ ಕರಾವಳಿಯನ್ನು ಮುಟ್ಟುತ್ತವೆ. ಎದುರುಗಾಳಿ, ಮಳೆಗಳು ಬಂದ ದಿನ ಬಳಲಿ, ಕಂಡ ಮೊದಲ ಮರಗಳಿಗೇ ಇಳಿಯುತ್ತವೆ. ಹೈ ಐಲೆಂಡ್ ಎಂಬ ಸಣ್ಣ ಊರಿನಲ್ಲಿ ಹ್ಯೂಸ್ಟನ್ ಆಡುಬಾನ್ ಸಂಸ್ಥೆಯವರು ಕಾಪಾಡಿರುವ ಓಕ್ ತೋಪುಗಳೇ ಆ ಮರಗಳು. ಅಲ್ಲಿಯ ಸ್ಮಿತ್ ಓಕ್ಸ್ ತೋಪಿನ ಕೊಳದ ನಡುಗಡ್ಡೆಯಲ್ಲಿ ಗುಲಾಬಿ ವರ್ಣದ ಚಮಚಕೊಕ್ಕಿನ ಹಕ್ಕಿಗಳು ಗೂಡುಕಟ್ಟುತ್ತವೆ. ರಂಗನತಿಟ್ಟಿನಲ್ಲಿ ಬಿಳಿಯ ಚಮಚಕೊಕ್ಕುಗಳನ್ನು ಕಂಡವರಿಗೆ ಇವು ಹತ್ತಿರದ ನೆಂಟರೆಂದು ನೋಡಿದೊಡನೆ ತಿಳಿಯುತ್ತದೆ. ಹ್ಯೂಸ್ಟನಿನ ನೈಋತ್ಯಕ್ಕಿರುವ ಬ್ರೇಜೋಸ್ ಬೆಂಡ್ ಉದ್ಯಾನದಲ್ಲಿ, ದಡದ ಮೇಲೆ ಬಿಸಿಲು ಕಾಯಿಸುವ ಆಲಿಗೇಟರ್ ಮೊಸಳೆಗಳನ್ನು ಕಾಲುದಾರಿಯಿಂದಲೇ ನೋಡಬಹುದು. ಮೂವತ್ತು ಅಡಿಗಳಿಗಿಂತ ಸಮೀಪಕ್ಕೆ ಹೋಗಬಾರದೆಂಬ ಅಲ್ಲಿನ ನಿಯಮವನ್ನು ಸಣ್ಣ ಮಕ್ಕಳುಳ್ಳವರು ಅಕ್ಷರಶಃ ಪಾಲಿಸತಕ್ಕದ್ದು.

ಬಿರುಬೇಸಿಗೆಯಲ್ಲಿ ಹಗಲು ಹೊರಗೆ ಹೋಗಲಾಗದೆಂಬುದು ನಿಜ. ಆದರೆ ಆ ಋತುವಿನ ವೈಭವವಿರುವುದು ಸಂಜೆಯಲ್ಲಿ. ಆಸ್ಟಿನಿನ ಕಾಂಗ್ರೆಸ್ ಅವೆನ್ಯೂ ಸೇತುವೆಯನ್ನು 1980ರಲ್ಲಿ ಪುನರ್ನಿರ್ಮಿಸಿದಾಗ ಅದರ ಅಡಿಯಲ್ಲಿ ಉಳಿದ ಕಿರಿದಾದ ಸಂದುಗಳನ್ನು ಮೆಕ್ಸಿಕನ್ ಬಾವಲಿಗಳು ತಮ್ಮ ಹೆರಿಗೆಮನೆಯನ್ನಾಗಿ ಮಾಡಿಕೊಂಡವು. ಊರಿನವರು ಮೊದಲು ಹೆದರಿ, ಅವುಗಳನ್ನು ನಿರ್ಮೂಲ ಮಾಡಬೇಕೆಂದು ಒತ್ತಾಯಪಡಿಸಿದರು. ಮರ್ಲಿನ್ ಟಟಲ್ ಎಂಬ ವಿಜ್ಞಾನಿಯು 1986ರಲ್ಲಿ ತಮ್ಮ ಬಾವಲಿಸಂರಕ್ಷಣಾ ಸಂಸ್ಥೆಯನ್ನು ಆಸ್ಟಿನಿಗೆ ತಂದು, ಇವು ಮನುಷ್ಯರ ಗೊಡವೆಗೆ ಬರುವಂಥವಲ್ಲ, ರಾತ್ರಿಯೆಲ್ಲ ಬೆಳೆಗಳ ಹುಳುಗಳನ್ನೂ ಪತಂಗಗಳನ್ನೂ ತಿಂದು ರೈತನಿಗೆ ಉಪಕರಿಸುವಂಥವು ಎಂದು ತಾಳ್ಮೆಯಿಂದ ಜನರಿಗೆ ತಿಳಿಯಹೇಳಿದರು. ಇಂದು ಅಲ್ಲಿ ಸುಮಾರು 15 ಲಕ್ಷ ಬಾವಲಿಗಳಿವೆ. ಒಂದೊಂದೂ ತೊಲದಷ್ಟು ತೂಕದ್ದು. ಮರಿಗಳು ಹಾರಲು ಕಲಿತ ಆಗಸ್ಟ್ ತಿಂಗಳಲ್ಲಿ, ಸೂರ್ಯಾಸ್ತದ ಹೊತ್ತಿಗೆ, ಆಲೆಮನೆಯಿಂದೆದ್ದ ಹೊಗೆಯಂತೆ ಅವು ಸೇತುವೆಯ ಅಡಿಯಿಂದ ಎದ್ದು ಪೂರ್ವದಿಕ್ಕಿಗೆ ಹರಿಯುತ್ತವೆ. ಸ್ಯಾನ್ ಆಂಟೋನಿಯೊ ಬಳಿಯ ಬ್ರ್ಯಾಕನ್ ಗುಹೆಯಲ್ಲಿ ಇವುಗಳ ಸಂಖ್ಯೆ ಕೋಟಿಯನ್ನೂ ಮೀರುತ್ತದೆ. ಅಲ್ಲಿಗೆ ಮುಂಗಡವಾಗಿ ಅನುಮತಿ ಪಡೆದು ಹೋಗಬೇಕು. ಜಾರ್ಜ್‌ಟೌನಿನವರು ಅಷ್ಟು ದೂರ ಹೋಗದೆ ನೆರೆಯ ರೌಂಡ್ ರಾಕಿನಲ್ಲಿ ಹೆದ್ದಾರಿಯ ಮೇಲ್ಸೇತುವೆಯೊಂದರಿಂದಲೂ ಈ ದೃಶ್ಯವನ್ನು ಕಾಣಬಹುದು. ಭಯವನ್ನು ತಿಳಿವಳಿಕೆಯಿಂದ ಜಯಿಸಿದ ಒಂದು ನಗರದ ಕಥೆಯನ್ನು ನಮ್ಮ ಗಣೇಶೋತ್ಸವದ ಮುನ್ನಾದಿನಗಳಲ್ಲಿ ಮಕ್ಕಳಿಗೆ ತೋರಿಸಿ ಹೇಳಲು ಇದಕ್ಕಿಂತ ಒಳ್ಳೆಯ ರಂಗಸ್ಥಳ ಬೇರೆ ಬೇಕೆ?

ಅಕ್ಟೋಬರಿನಲ್ಲಿ, ನವರಾತ್ರಿಯ ಸುಮಾರಿಗೆ, ಮೊದಲ ಉತ್ತರದ ಗಾಳಿಯನ್ನೇರಿ ಕಿತ್ತಳೆ ಬಣ್ಣದ ಮಾನಾರ್ಕ್ ಚಿಟ್ಟೆಗಳು ಕೆನಡದ ಅಂಚಿನಿಂದ ಮೆಕ್ಸಿಕೊದ ಪರ್ವತಾರಣ್ಯಗಳಿಗೆ ಹೋಗುತ್ತ ನಮ್ಮ ಊರುಗಳ ಮೇಲೆ ಹಾಯುತ್ತವೆ. ಅವುಗಳನ್ನು ನೋಡಲು ಎಲ್ಲಿಗೂ ಹೋಗಬೇಕಾದುದಿಲ್ಲ; ಹಿತ್ತಿಲಿನಲ್ಲಿ ನಾಡಹೂವುಗಳಿದ್ದರೆ ಅವೇ ಬರುತ್ತವೆ. ಆದರೆ ಆ ಬಳಿಕ ಬರುವ ಅತಿಥಿಯನ್ನು ಕಾಣಲು ಮಾತ್ರ ಸಮುದ್ರದಂಚಿಗೆ ಹೋಗಲೇಬೇಕು. ಈ ಪತ್ರವನ್ನು ಬರೆಯಲು ನನ್ನನ್ನು ಮುಖ್ಯವಾಗಿ ಪ್ರೇರಿಸಿದ್ದು ಆ ಅತಿಥಿಯೇ.

ವೂಪಿಂಗ್ ಕ್ರೇನ್ ಎಂಬ ಶ್ವೇತಕ್ರೌಂಚವು ಐದು ಅಡಿ ಎತ್ತರದ್ದು, ಈ ಖಂಡದ ಪಕ್ಷಿಗಳಲ್ಲೆಲ್ಲ ಉನ್ನತವಾದುದು. ಮೈಯೆಲ್ಲ ಹಿಮಧವಳ, ರೆಕ್ಕೆಯ ತುದಿ ಮಾತ್ರ ಕಪ್ಪು, ನೆತ್ತಿಯಲ್ಲಿ ಕೆಂಪು. ಬೇಟೆಯಿಂದಲೂ ಜವುಗುನೆಲಗಳ ನಾಶದಿಂದಲೂ ಕ್ಷೀಣಿಸುತ್ತ ಬಂದ ಈ ಕುಲದಲ್ಲಿ, 1941ರ ಚಳಿಗಾಲದಲ್ಲಿ ಟೆಕ್ಸಸ್ಸಿನ ಕರಾವಳಿಗೆ ಬಂದವು ಹದಿನೈದು ಹದಿನಾರು ಪಕ್ಷಿಗಳು ಮಾತ್ರ. ಅದೃಷ್ಟವಶದಿಂದ ಅದಕ್ಕೆ ನಾಲ್ಕು ವರ್ಷ ಮುಂಚೆ, 1937ರಲ್ಲಿ, ಅವು ಬಂದಿಳಿಯುವ ಅರಾನ್ಸಾಸ್ ಎಂಬ ಜವುಗುತೀರವನ್ನು ರಾಷ್ಟ್ರೀಯ ವನ್ಯಧಾಮವನ್ನಾಗಿ ಮಾಡಲಾಗಿತ್ತು. ಇತ್ತ ನಮ್ಮ ಮೈಸೂರು ಸೀಮೆಯಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಪ್ರೇರಣೆಯಿಂದ ರಂಗನತಿಟ್ಟು ಪಕ್ಷಿಧಾಮವಾದದ್ದು ಅದಾದ ಮೂರು ವರ್ಷಕ್ಕೆ, 1940ರಲ್ಲಿ. ಈ ಶ್ವೇತಕ್ರೌಂಚಗಳು ಗೂಡುಕಟ್ಟುವುದು ಎಲ್ಲಿ ಎಂಬುದು ಬಹುವರ್ಷಗಳವರೆಗೆ ಯಾರಿಗೂ ತಿಳಿಯದ ರಹಸ್ಯವಾಗಿತ್ತು. 1954ರಲ್ಲಿ ಕೆನಡದ ವುಡ್ ಬಫಲೊ ಎಂಬ ಮಹಾರಣ್ಯದ ಮೇಲೆ, ಕಾಡ್ಗಿಚ್ಚಿನ ಕೆಲಸಕ್ಕಾಗಿ ಹೆಲಿಕಾಪ್ಟರಿನಲ್ಲಿ ಹಾರುತ್ತಿದ್ದವರ ಕಣ್ಣಿಗೆ ಅವು ಬಿದ್ದವು. ಅಲ್ಲಿಂದ ಅರಾನ್ಸಾಸಿಗೆ ಸುಮಾರು 4,000 ಕಿಲೋಮೀಟರ್. ಗಂಡು ಹೆಣ್ಣುಗಳು ಬಹುಮಟ್ಟಿಗೆ ಬಾಳಿನುದ್ದಕ್ಕೂ ಜೊತೆಗೂಡಿರುತ್ತವೆ. ಇಡುವ ಎರಡು ಮೊಟ್ಟೆಗಳಲ್ಲಿ ಸಾಮಾನ್ಯವಾಗಿ ಒಂದೇ ಮರಿ ಉಳಿಯುತ್ತದೆ. ಆ ಮರಿಯು ತಂದೆತಾಯಿಗಳ ಜೊತೆಯಲ್ಲಿಯೇ ಹಾರಿ ದಾರಿಯನ್ನು ಕಲಿತು ಬರುತ್ತದೆ. ಚಳಿಗಾಲವಿಡೀ ಒಂದೊಂದು ಸಂಸಾರವೂ ಜವುಗಿನ ಒಂದೊಂದು ಭಾಗವನ್ನು ತನ್ನದಾಗಿಸಿಕೊಂಡು ಕಾಯುತ್ತದೆ. ಕಂದುಮಚ್ಚೆಯ ಗರಿಗಳುಳ್ಳ ಮರಿಗೆ ತಾಯಿಯು ನೀಲಿ ಏಡಿಯನ್ನು ಹಿಡಿದು ಕೊಡುವುದನ್ನು ದೋಣಿಯಲ್ಲಿ ಕುಳಿತು ನೋಡಬಹುದು. ಈಗ ಈ ಹಿಂಡಿನಲ್ಲಿ ಐನೂರಕ್ಕೂ ಮೀರಿದ ಪಕ್ಷಿಗಳಿವೆ. ಕ್ರೌಂಚದ ಅಳಲಿನಿಂದಲೇ ಆದಿಕಾವ್ಯವು ಹುಟ್ಟಿತೆಂದು ಕೇಳುತ್ತ ಬೆಳೆದ ಜನರು ನಾವು. ನಮಗಿಂತ ಹೆಚ್ಚಾಗಿ ಈ ಪಕ್ಷಿಯ ದರ್ಶನಕ್ಕೆ ಹಂಬಲಿಸಬೇಕಾದವರು ಯಾರು?

ಕ್ರೌಂಚಗಳ ಆಹಾರವಾದ ಆ ನೀಲಿ ಏಡಿಗಳ ವಿಷಯದಲ್ಲಿ ಇನ್ನೊಂದು ಮಾತನ್ನು ಹೇಳಲೇಬೇಕು. ಅರಾನ್ಸಾಸಿನ ಬಳಿ ಕೊಲ್ಲಿಗೆ ಸಿಹಿನೀರನ್ನು ತರುವುದು ಗ್ವಾಡಲೂಪ್ ನದಿ. ಬರಗಾಲದಲ್ಲಿ ಆ ನದಿಯನ್ನು ಬತ್ತದಂತೆ ಹಿಡಿದಿಡುವವು ಸ್ಯಾನ್ ಮಾರ್ಕೊಸ್ ಮತ್ತು ನ್ಯೂ ಬ್ರೌನ್‌ಫೆಲ್ಸ್ ಊರುಗಳ ಬುಗ್ಗೆಗಳು. ಆ ಬುಗ್ಗೆಗಳ ಮೂಲವು ಎಡ್ವರ್ಡ್ಸ್ ಎಂಬ ಸುಣ್ಣಕಲ್ಲಿನ ಅಂತರ್ಜಲ. ನದಿಯ ನೀರು ಕಡಿಮೆಯಾದರೆ ಕೊಲ್ಲಿ ಉಪ್ಪಾಗುತ್ತದೆ, ಕೊಲ್ಲಿ ಉಪ್ಪಾದರೆ ಏಡಿಗಳು ವಿರಳವಾಗುತ್ತವೆ, ಏಡಿಗಳಿಲ್ಲದೆ ಕ್ರೌಂಚಗಳು ಹಸಿಯುತ್ತವೆ. ಗುಡ್ಡಗಾಡಿನ ಬಡಾವಣೆಯೊಂದರಲ್ಲಿ ಅಂಗಳದ ಹುಲ್ಲನ್ನು ಹಸುರಾಗಿಡಲು ಹರಿಸುವ ನೀರಿಗೂ ನೂರಾರು ಮೈಲಿಯಾಚೆ ಒಂದು ಮರಿಪಕ್ಷಿಯ ತುತ್ತಿಗೂ ಸಂಬಂಧವಿದೆಯೆಂಬುದನ್ನು ಯಾರು ಸುಲಭವಾಗಿ ನಂಬುತ್ತಾರೆ? ಅರಾನ್ಸಾಸಿಗೆ ಹೋಗಿಬಂದವರು ನಂಬುತ್ತಾರೆ.

ಡಲ್ಲಾಸಿನವರಿಗೆ ಚಳಿಗಾಲದಲ್ಲಿ ಅಷ್ಟು ದೂರ ಬರಲು ಅನುಕೂಲವಿಲ್ಲದಿದ್ದರೆ, ಉತ್ತರಕ್ಕೆ ಟೆಕ್ಸೋಮ ಸರೋವರದ ದಂಡೆಯಲ್ಲಿರುವ ಹ್ಯಾಗರ್ಮನ್ ವನ್ಯಧಾಮಕ್ಕೆ ಬಿಳಿಯ ಹಿಮಹೆಬ್ಬಾತುಗಳು ಸಾವಿರಾರು ಸಂಖ್ಯೆಯಲ್ಲಿ ಬಂದಿಳಿಯುವುದುಂಟು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ಕಂಡವರಿಗೆ ಆ ಗದ್ದಲವು ಊರನ್ನು ನೆನಪಿಗೆ ತರುತ್ತದೆ. ಇನ್ನೂ ಪಶ್ಚಿಮಕ್ಕೆ ಹೋಗಬಲ್ಲವರು ಕ್ಯಾಪ್‌ರಾಕ್ ಕ್ಯಾನಿಯನ್ಸ್ ಉದ್ಯಾನದ ಕೆಂಪು ಕಣಿವೆಗಳಲ್ಲಿ, 1870ರ ದಶಕದ ಮಹಾಸಂಹಾರದಿಂದ ಪಶುಪಾಲಕರಾದ ಗುಡ್‌ನೈಟ್ ದಂಪತಿಗಳು ಉಳಿಸಿದ ಕೆಲವು ಬೈಸನ್ ಕರುಗಳ ಸಂತಾನವು ಸ್ವಚ್ಛಂದವಾಗಿ ಮೇಯುವುದನ್ನು ನೋಡಬೇಕು.

ಈಗ ನಮ್ಮವರಲ್ಲಿ ಬಹುಮಂದಿಗೆ ಪ್ರಿಯವಾಗಿರುವ, ಕಾರಿನಲ್ಲಿ ಕುಳಿತೇ ಪ್ರಾಣಿಗಳಿಗೆ ಕಾಳು ತಿನ್ನಿಸುವ ಸಫಾರಿಗಳ ವಿಷಯ. ಗುಡ್ಡಗಾಡಿನ ಬೇಲಿಗಳಾಚೆ ಚುಕ್ಕೆಜಿಂಕೆಯನ್ನೂ ಕೃಷ್ಣಮೃಗವನ್ನೂ ಕಂಡು, ‘ನಮ್ಮೂರಿನ ಜಿಂಕೆ!’ ಎಂದು ಹಿಗ್ಗದ ಕನ್ನಡಿಗನಿಲ್ಲ. ಅವು ನಿಜವಾಗಿಯೂ ನಮ್ಮ ಸೀಮೆಯವೇ. ಸಾಹುಕಾರರ ಬೇಟೆಯ ವಿನೋದಕ್ಕಾಗಿ 1930ರ ದಶಕದಿಂದ ಇಲ್ಲಿಗೆ ತರಲ್ಪಟ್ಟವು. ರಾಣೆಬೆನ್ನೂರಿನ ಧಾಮದಲ್ಲಿಯೂ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿಯೂ ಕಾನೂನಿನ ಪರಮರಕ್ಷೆಯನ್ನು ಪಡೆದಿರುವ ಕೃಷ್ಣಮೃಗವನ್ನು ಇಲ್ಲಿ ಬೇಟೆಯ ಪರವಾನಗಿಯೂ ಭೂಮಾಲಿಕನ ಒಪ್ಪಿಗೆಯೂ ಇದ್ದರೆ ವರ್ಷದ ಯಾವ ದಿನವಾದರೂ ಕೊಲ್ಲಬಹುದು. ಕಾಡಿಗೆ ತಪ್ಪಿಸಿಕೊಂಡು ಬೆಳೆದ ಚುಕ್ಕೆಜಿಂಕೆಗಳು ಈ ನೆಲದ ಬಿಳಿಬಾಲದ ಜಿಂಕೆಯ ಮೇವನ್ನು ಕಸಿಯುತ್ತಿವೆಯೆಂಬುದೂ ಸತ್ಯ. ಪಾಕಿಸ್ತಾನದಲ್ಲಿ ಕೃಷ್ಣಮೃಗವು ಅಳಿದುಹೋಗಿದ್ದಾಗ 1970ರ ಸುಮಾರಿಗೆ ಟೆಕ್ಸಸ್ಸಿನಿಂದಲೇ ಅವುಗಳ ಬೀಜಹಿಂಡನ್ನು ಕಳುಹಿಸಿಕೊಟ್ಟರೆಂಬುದೂ ಸತ್ಯ. ಆದುದರಿಂದ ಈ ವಿಷಯದಲ್ಲಿ ಒಂದೇ ಮಾತಿನ ತೀರ್ಪು ಸಾಧ್ಯವಿಲ್ಲ. ಗ್ಲೆನ್ ರೋಸಿನ ಫಾಸಿಲ್ ರಿಮ್ ಕೇಂದ್ರದವರು ಚೀತಾಗಳನ್ನೂ, ಹ್ಯೂಸ್ಟನಿನ ಪಶ್ಚಿಮದ ಹುಲ್ಲುಗಾವಲುಗಳಿಂದ ಬಹುತೇಕ ಮರೆಯಾಗಿರುವ ಆಟ್‌ವಾಟರ್ ಹುಲ್ಲುಗೋಳಿಗಳನ್ನೂ ಮರಿಮಾಡಿಸುವ ಶ್ರಮವನ್ನು ನಾನು ಗೌರವಿಸುತ್ತೇನೆ. ಸಿರುಗುಪ್ಪದ ಎರೆನೆಲದಲ್ಲಿ ಎರೆಭೂತ ಹಕ್ಕಿಯ ಕೊನೆಯ ಕೆಲವನ್ನು ಕುರಿತು ಚಿಂತಿಸುವವರಿಗೆ ಆ ಶ್ರಮದ ಬೆಲೆ ಗೊತ್ತು. ಆದರೆ ಕಿಟಕಿಯಿಂದ ಕೈಚಾಚಿ ಕಾಳು ಕೊಟ್ಟದ್ದನ್ನೇ ವನದರ್ಶನವೆಂದು ಮಗು ತಿಳಿದರೆ, ಪ್ರಾಣಿಯು ತನ್ನ ಬಳಿಗೆ ಬರಲೇಬೇಕೆಂಬ ಅಪೇಕ್ಷೆಯೊಂದು ಅದರಲ್ಲಿ ಬೇರೂರುತ್ತದೆ. ಬಂದರೆ ಕಂಡೆವು, ಬಾರದಿದ್ದರೆ ಕಾದೆವು ಎಂಬ ಬುದ್ಧಿಯನ್ನು ಕನ್ನಡದಲ್ಲಿ ತೇಜಸ್ವಿಯವರಿಗಿಂತ ಚೆನ್ನಾಗಿ ಕಲಿಸಿದವರಿಲ್ಲ; ಅವರ ಪುಸ್ತಕಗಳು ನಮ್ಮ ಮನೆಗಳ ಕಪಾಟಿನಲ್ಲಿರುವಾಗ ಆ ಬುದ್ಧಿಯು ಮಕ್ಕಳಿಗೆ ಇಳಿಯದೆ ಹೋಗಬಾರದು.

ಭೂದೃಶ್ಯವನ್ನೇ ಬಯಸುವವರಿಗೆ ಎರಡು ಸ್ಥಳಗಳು. ಫ್ರೆಡರಿಕ್ಸ್‌ಬರ್ಗಿನ ಉತ್ತರದ ಎನ್‌ಚಾಂಟೆಡ್ ರಾಕ್ ಎಂಬ ಕೆಂಬಣ್ಣದ ಗ್ರಾನೈಟ್ ಗುಡ್ಡವು ನೂರು ಕೋಟಿ ವರ್ಷಗಳಷ್ಟು ಹಳೆಯದು. ಮಧುಗಿರಿ, ಸಾವನದುರ್ಗಗಳ ಏಕಶಿಲೆಗಳನ್ನು ಏರಿದವರ ಕಾಲಿಗೆ ಅದು ಅಪರಿಚಿತವೆನ್ನಿಸದು. ಮತ್ತೊಂದು, ಜಾರ್ಜ್‌ಟೌನಿನಿಂದ ಒಂದು ಹಗಲಿನ ಪ್ರಯಾಣದ ದೂರದಲ್ಲಿ, ರಿಯೊ ಗ್ರಾಂಡೆ ನದಿಯು ಬಾಗುವೆಡೆಯಲ್ಲಿರುವ ಬಿಗ್ ಬೆಂಡ್. 1944ರಲ್ಲಿ ಸ್ಥಾಪಿತವಾದ, ಎಂಟು ಲಕ್ಷ ಎಕರೆಗಳನ್ನು ಮೀರಿದ ಈ ರಾಷ್ಟ್ರೀಯ ಉದ್ಯಾನದಲ್ಲಿ ಮರುಭೂಮಿ, ಪರ್ವತ, ನದಿ ಮೂರೂ ಒಂದೆಡೆ ಸೇರಿವೆ. ಸಾಂತಾ ಎಲೆನಾ ಕಮರಿಯಲ್ಲಿ 1,500 ಅಡಿಗಳ ಶಿಲಾಭಿತ್ತಿಗಳ ನಡುವೆ ನದಿಯು ಹಾಯುತ್ತದೆ. ಬೇಟೆಯಿಂದ ಇಲ್ಲಿ ಪೂರ್ಣವಾಗಿ ಅಳಿದಿದ್ದ ಕಪ್ಪುಕರಡಿಯು, ಯಾರೂ ತಂದು ಬಿಡದೆ, 1980ರ ದಶಕದಲ್ಲಿ ಮೆಕ್ಸಿಕೊದ ಪರ್ವತಗಳಿಂದ ನದಿಯನ್ನು ದಾಟಿ ತಾನಾಗಿಯೇ ಹಿಂದಿರುಗಿ ಬಂದು ಸಂಸಾರ ಹೂಡಿದೆ. ಇಂಥ ಶುಭವಾರ್ತೆ ವನ್ಯಜೀವಿಗಳ ಚರಿತ್ರೆಯಲ್ಲಿ ಅಪರೂಪ. ಅಮಾವಾಸ್ಯೆಗೆ ಹತ್ತಿರದ ದಿನಗಳನ್ನು ಆರಿಸಿಕೊಳ್ಳಿ. ನಗರದ ಬೆಳಕಿನಲ್ಲಿಯೇ ಬೆಳೆದ ನಮ್ಮ ಮಕ್ಕಳು ಆಕಾಶಗಂಗೆಯನ್ನು ಅಲ್ಲಿ ಮೊದಲ ಬಾರಿಗೆ ಕಾಣುತ್ತಾರೆ. ನವೆಂಬರಿನಿಂದ ಮಾರ್ಚಿನವರೆಗೆ ಹೋಗುವುದು ಹಿತ. ನೀರನ್ನೂ ಇಂಧನವನ್ನೂ ಧಾರಾಳವಾಗಿ ಇಟ್ಟುಕೊಂಡಿರಬೇಕು, ವಸತಿಯನ್ನು ಬಹಳ ಮುಂಚೆಯೇ ಗೊತ್ತುಪಡಿಸಿಕೊಂಡಿರಬೇಕು.

ಕೊನೆಯದಾಗಿ ನಮ್ಮ ಕನ್ನಡ ಸಂಘಗಳ ಪದಾಧಿಕಾರಿಗಳಲ್ಲಿ ಒಂದು ಬಿನ್ನಹ. ಯುಗಾದಿ, ಗಣೇಶ ಚತುರ್ಥಿ, ರಾಜ್ಯೋತ್ಸವಗಳನ್ನು ಗುರುತು ಹಾಕಿ ವರ್ಷಾರಂಭದಲ್ಲಿ ಸದಸ್ಯರಿಗೆ ಕಳುಹಿಸುವ ದಿನದರ್ಶಿಕೆಯಲ್ಲಿಯೇ ವಾರ್ಬ್ಲರ್ ಬರುವ ಮಾರ್ಚ್, ಹಾಡುಹಕ್ಕಿಗಳು ಕೊಲ್ಲಿಯನ್ನು ದಾಟುವ ಏಪ್ರಿಲ್, ಬಾವಲಿಗಳ ಆಗಸ್ಟ್, ಚಿಟ್ಟೆಗಳ ಅಕ್ಟೋಬರ್, ಕ್ರೌಂಚಗಳ ನವೆಂಬರ್ ತಿಂಗಳುಗಳನ್ನೂ ನಮೂದಿಸಿ. ದೂರದರ್ಶಕಗಳನ್ನು ಒಂದಿಷ್ಟು ಸಂಖ್ಯೆಯಲ್ಲಿ ಸಂಘದ ವತಿಯಿಂದಲೇ ಕೊಂಡಿಟ್ಟು ಕುಟುಂಬಗಳಿಗೆ ಸರದಿಯ ಮೇಲೆ ಕೊಡುವಂತಾದರೆ ಹೊಸದಾಗಿ ಬಂದವರಿಗೆ ಬಹಳ ಉಪಕಾರವಾಗುತ್ತದೆ. ಮೊದಲನೆಯ ಯಾತ್ರೆಯನ್ನು ಮುಂಬರುವ ಸಂಕ್ರಾಂತಿಯ ವಾರಾಂತ್ಯಕ್ಕೆ ಇಟ್ಟುಕೊಳ್ಳೋಣವೆಂದು ನನ್ನ ಸೂಚನೆ: ನಾಲ್ಕು ನಗರಗಳವರೂ ಹಿಂದಿನ ಸಂಜೆಯೇ ಅರಾನ್ಸಾಸಿನ ನೆರೆಯ ರಾಕ್‌ಪೋರ್ಟಿನಲ್ಲಿ ಸೇರಿ, ಬೆಳಿಗ್ಗೆ ಫಲ್ಟನ್ ಬಂದರಿನಿಂದ ದೋಣಿಯಲ್ಲಿ ಹೊರಡುವುದು. ದೋಣಿಗಳಲ್ಲಿ ಸ್ಥಳ ಮಿತವಾಗಿರುವುದರಿಂದ ಹೆಸರು ಕೊಡುವವರು ದೀಪಾವಳಿಯೊಳಗಾಗಿ ತಮ್ಮ ತಮ್ಮ ಸಂಘಕ್ಕೆ ತಿಳಿಸತಕ್ಕದ್ದು. ಕೊಲ್ಲಿಯ ಗಾಳಿ ಬಹಳ ಶೀತವಾದುದು, ಎಳೆಯ ಮಕ್ಕಳಿಗೂ ವೃದ್ಧರಿಗೂ ಬೆಚ್ಚನೆಯ ಉಡುಪನ್ನು ಮರೆಯದೆ ತನ್ನಿರಿ.

ಇತಿ ತಮ್ಮ ವಿಶ್ವಾಸಿ,
ಜಾರ್ಜ್‌ಟೌನಿನ ಒಬ್ಬ ಕನ್ನಡಿಗ